ಇಪ್ಪತ್ತನೆಯ ಫಾರಂ

ಪಾದ್ರಿಗಳು ತೊಂಬತ್ತನೆಯ ಕೀರ್ತನೆಯ ಮೊದಲ ವಚನ ಓದಿ, ಎರಡನೆಯದಕ್ಕೆ ಸಭೆಯ ದನಿ ಏಳಲೆಂದು ಕಾಯುತ್ತ ನಿಂತಿದ್ದರು. ಮುಂದಿನ ಬೆಂಚಿನಲ್ಲಿ ತೀರಿಕೊಂಡವನ ಮಗಳು ಇನ್ನೂ ಹಾಳೆ ಮಗುಚುತ್ತಲೇ ಇದ್ದಳು. ಎಪ್ಪತ್ತಾರು, ಎಪ್ಪತ್ತೇಳು, ಎಪ್ಪತ್ತೆಂಟು. ಎಪ್ಪತ್ತೆಂಟನೆಯ ಕೀರ್ತನೆ ಪುಟದ ಕೊನೆಯಲ್ಲಿ ಅರ್ಧ ವಾಕ್ಯಕ್ಕೆ ನಿಂತಿತ್ತು. ಹಾಳೆ ಮಗುಚಿದರೆ ನೂರೈದರ ಬಾಲ. ಎರಡು ಹಾಳೆ ಅಂಟಿಕೊಂಡಿರಬಹುದೆಂದು ಬೆರಳಿಗೆ ಎಂಜಲು ಹಚ್ಚಿ ಅಂಚನ್ನು ಉಜ್ಜಿ ನೋಡಿದಳು. ಅಂಟಿರಲಿಲ್ಲ. ತೊಂಬತ್ತನೆಯ ಕೀರ್ತನೆ ಆ ಪುಸ್ತಕದಲ್ಲಿ ಇರಲೇ ಇಲ್ಲ.

ಎರಡನೆಯ ವಚನ ಎದ್ದಿತು, ಆದರೆ ಅರ್ಧ ಸಭೆಯಿಂದ. ಅಲ್ಲೊಬ್ಬರು ಇಲ್ಲೊಬ್ಬರು ಓದುತ್ತಿದ್ದರು. ಪಕ್ಕದವರು ಅವರ ಪುಸ್ತಕಕ್ಕೆ ಕತ್ತು ಚಾಚಿದ್ದರು. ಓದುತ್ತಿದ್ದವರೂ ತಮ್ಮ ದನಿ ಒಂಟಿಯಾಯಿತೆಂದು ಗಾಬರಿಯಾಗಿ ನಡುವೆಯೇ ನಿಲ್ಲಿಸಿದರು. ಹಾಳೆಗಳ ಸರಸರ ಮಾತ್ರ ಉಳಿಯಿತು. ಹಿಂದಿನ ಬೆಂಚಿನಿಂದ ಯಾರೋ, ತಮ್ಮ ಪಿಸುಮಾತು ಎಷ್ಟು ಗಟ್ಟಿಯೆಂದು ತಿಳಿಯದ ವಯಸ್ಸಿನವರು, "ನಮ್ಮದ್ರಲ್ಲಿ ಇಲ್ವಲ್ಲ" ಎಂದರು.

ಹೋದ ತಿಂಗಳಷ್ಟೇ ಸಭೆಗೆ ನೂರೈವತ್ತು ಹೊಸ ಬೈಬಲ್‌ಗಳು ಬಂದಿದ್ದವು. ಕರಿ ಬಟ್ಟೆಯ ರಟ್ಟು, ಕೆಂಪು ದಾರದ ಗುರುತು. ಅವನ್ನು ಕಟ್ಟಿದವನು ಅಲ್ಲೇ, ಎಲ್ಲರ ಮುಂದೆ, ಎರಡು ಸ್ಟೂಲುಗಳ ಮೇಲಿಟ್ಟ ಪೆಟ್ಟಿಗೆಯೊಳಗೆ ಮಲಗಿದ್ದ. ಒಬ್ಬೊಬ್ಬರಾಗಿ ಪುಸ್ತಕದಿಂದ ತಲೆಯೆತ್ತಿದರು. ಎಲ್ಲರ ಕಣ್ಣೂ ಆ ಪೆಟ್ಟಿಗೆಯ ಕಡೆ ತಿರುಗಿತು.

ಮಗಳು ಪುಸ್ತಕ ಮುಚ್ಚಿದಳು. ಅಪ್ಪ ಹೋದದ್ದು ನಿನ್ನೆ ಬೆಳಿಗ್ಗೆ. ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಿದ್ದವನು, ಒಂದು ಬಿಚ್ಚಿ, ಇನ್ನೊಂದಕ್ಕೆ ಬಗ್ಗಿದವನು ಏಳಲಿಲ್ಲ. ಆಗ ಅವಳಿಗೆ ಬರೀ ಏನೂ ಕೇಳಿಸದಂತಾಗಿತ್ತು. ಈಗ ಎಲ್ಲವೂ ಕೇಳಿಸುತ್ತಿತ್ತು.

ಪಾದ್ರಿಗಳು ತಮ್ಮ ಹಳೆಯ ಪುಸ್ತಕದಿಂದ ಉಳಿದ ವಚನಗಳನ್ನೆಲ್ಲ ತಾವೊಬ್ಬರೇ ಓದಿ ಮುಗಿಸಿದರು. ಬೇಗ ಬೇಗ ಓದಿದರು.

*

ಅಪ್ಪನನ್ನು ಬೀದಿಯೆಲ್ಲ ಕರೆಯುತ್ತಿದ್ದದ್ದು ಅರವತ್ತಾರು ಎಂದು. ಬೈಬಲಿನ ಅರವತ್ತಾರು ಪುಸ್ತಕಗಳ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಿದ್ದ. ಅದು ಒಂದು ಪುಸ್ತಕವಲ್ಲ, ಒಂದೇ ರಟ್ಟಿನೊಳಗೆ ಕೂಡಿಸಿಟ್ಟ ಪುಸ್ತಕದ ಕಪಾಟು ಎಂದು ಅವನು ಹೇಳಿದಾಗ ಮಗಳಿಗೆ ಏಳು ವರ್ಷ. ಬೇಸಿಗೆ ರಜೆ. ಪ್ರೆಸ್ಸಿನ ಒಳಕೋಣೆಯಲ್ಲಿ ಅವಳ ಗದ್ದದೆತ್ತರಕ್ಕೆ ಒಂದು ಉದ್ದನೆಯ ಮೇಜು. ದೊಡ್ಡ ಹಾಳೆಯ ಎರಡೂ ಬದಿ ಅಚ್ಚಾಗಿ ಬಂದರೆ ಅದನ್ನು ಮಡಿಸಿ ಮಡಿಸಿ ಮೂವತ್ತೆರಡು ಪುಟ ಮಾಡುತ್ತಿದ್ದರು. ಆ ಮಡಿಕೆಗೆ ಫಾರಂ ಎಂದು ಹೆಸರು. ಅಂಥ ನಲವತ್ತು ಫಾರಮ್ಮುಗಳ ನಲವತ್ತು ಗುಡ್ಡೆ ಮೇಜಿನ ಅಂಚಿನುದ್ದಕ್ಕೂ. ಒಂದೊಂದು ಗುಡ್ಡೆಯಿಂದ ಒಂದೊಂದನ್ನು ಎತ್ತಿಕೊಳ್ಳುತ್ತ ಮೇಜನ್ನು ಪೂರ್ತಿ ಒಂದು ಸುತ್ತು ಬಂದರೆ ಕೈಯಲ್ಲಿ ಒಂದು ಬೈಬಲ್.

ಅವಳನ್ನು ಮುಂದೆ ಬಿಟ್ಟುಕೊಂಡು ಅಪ್ಪ ಸುತ್ತುತ್ತಿದ್ದ. ಬಾಗಿಲ ಪಕ್ಕದಲ್ಲಿ ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗೆ ಐದು, ನಿಯಮದವು. ಗೋಡೆಯುದ್ದಕ್ಕೂ ಹನ್ನೆರಡು ಚರಿತ್ರೆ: ಯೆಹೋಶುವನಿಂದ ಎಸ್ತೇರಳವರೆಗೆ, ಬರೀ ರಾಜರು, ಬರೀ ಜಗಳ, ಸ್ವಲ್ಪ ಬೇಗ ನಡಿ ಎನ್ನುತ್ತಿದ್ದ. ಮೇಜಿನ ಆ ತುದಿಯಲ್ಲಿ, ಕಿಟಕಿಯ ಹತ್ತಿರ, ಕಾವ್ಯದ ಐದು. ಯೋಬ ನೆರಳಲ್ಲಿ, ಕೀರ್ತನೆಗಳು ಬಿಸಿಲಲ್ಲಿ. ತಿರುವು ದಾಟಿದರೆ ಹದಿನೇಳು ಪ್ರವಾದಿಗಳು, ಐದು ಜನ ದಪ್ಪ, ಹನ್ನೆರಡು ಜನ ಸಣಕಲು. ಮಲಾಕಿಯನಿಗೆ ಮೂವತ್ತೊಂಬತ್ತಾಯಿತು, ಹಳೆಯ ಒಡಂಬಡಿಕೆ ಮುಗಿಯಿತು.

"ಇಲ್ಲಿ ಉಸಿರು ತಗೋ. ಇಲ್ಲಿಂದ ಅಲ್ಲಿಗೆ ನಾನೂರು ವರ್ಷ," ಎನ್ನುತ್ತಿದ್ದ ಅಪ್ಪ, ಒಂದು ಹೆಜ್ಜೆ ಎತ್ತಿಡುವ ಮುನ್ನ.

ಆಮೇಲೆ ಹೊಸ ಒಡಂಬಡಿಕೆ, ಯೇಸುವಿನ ಬದುಕನ್ನೇ ನಾಲ್ಕು ಜನ ನಾಲ್ಕು ಥರ ಹೇಳುವ ನಾಲ್ಕು ಸುವಾರ್ತೆ. ನಾಲ್ಕು ಯಾಕೆ, ಒಂದು ಸಾಲದಾ ಎಂದು ಅವಳು ಕೇಳಿದ್ದಳು. ನಿಮ್ಮತ್ತೆ, ನಾನು, ನೀನು, ಪಕ್ಕದ ಮನೆಯವರು, ನಿಮ್ಮಮ್ಮನ ವಿಷಯ ಒಬ್ಬೊಬ್ಬರೂ ಒಂದೇ ಥರ ಹೇಳ್ತೀವಾ ಎಂದು ಅಪ್ಪ ತಿರುಗಿ ಕೇಳಿದ್ದ. ಅಮ್ಮ ತೀರಿಕೊಂಡು ಆಗ ವರ್ಷವಾಗಿತ್ತು. ಅಪೊಸ್ತಲರ ಕೃತ್ಯಗಳು ಒಂದು. ಪತ್ರಗಳು ಇಪ್ಪತ್ತೊಂದು, ಯಾರೋ ಯಾರಿಗೋ ಬರೆದು ನಮ್ಮ ಮನೆಗೆ ಬಂದಂಥವು. ಕೊನೆಗೆ ಪ್ರಕಟನೆ, ಮತ್ತೆ ಬಾಗಿಲ ಪಕ್ಕದಲ್ಲೇ.

ಒಂದು ಕಟ್ಟುಪಾಡು ಮಾತ್ರ ಅವನು ಎಂದೂ ಬಿಡಲಿಲ್ಲ. ಫಾರಂ ಎತ್ತುವಾಗ ಅದರಲ್ಲಿರುವ ಪುಸ್ತಕದ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಕೀರ್ತನೆಗಳಂಥ ಉದ್ದದ್ದಾದರೆ ಅದು ಎಷ್ಟನೆಯ ಫಾರಂ ಎನ್ನುವುದನ್ನೂ. ಬಾಯಿ ಸುಮ್ಮನಿದ್ದರೆ ಕೈಗೆ ಮರೆವು ಬರುತ್ತೆ ಎನ್ನುತ್ತಿದ್ದ. ನಲವತ್ತೊಂದು ವರ್ಷ ಆ ಕೋಣೆಯ ಮುಂದೆ ಹಾದುಹೋದವರಿಗೆಲ್ಲ ಅವನ ಗುಣುಗುಣು ಕೇಳಿತ್ತು. ನಲವತ್ತೊಂದು ವರ್ಷದಲ್ಲಿ ಒಂದು ಪುಸ್ತಕವೂ ಹಿಂದಕ್ಕೆ ಬಂದಿರಲಿಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಸಭಾಮಂದಿರದ ಪಕ್ಕದ ಕೋಣೆಯಲ್ಲಿ ಕಾಫಿ ಕೊಟ್ಟರು. ಸಾವಿನ ಮನೆಯ ಮಾತು ಮೊದಲು ಮೆತ್ತಗೇ ಇತ್ತು. ಎಷ್ಟು ಬೇಗ ಹೋದರು, ನರಳಲಿಲ್ಲ, ಪುಣ್ಯವಂತರು ಎಂದರು. ಆದರೆ ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಕರಿ ಪುಸ್ತಕವಿತ್ತಲ್ಲ, ತೆರೆಯದೆ ಇರುವುದು ಹೇಗೆ. ನಿಮ್ಮದರಲ್ಲಿ ಇದೆಯಾ, ನಮ್ಮದರಲ್ಲಿ ಇಲ್ಲ, ನಮ್ಮ ಯಜಮಾನರದ್ದರಲ್ಲಿದೆ ನನ್ನದರಲ್ಲಿಲ್ಲ. ಕಾಫಿ ಲೋಟ ಕಿಟಕಿಯ ಮೇಲಿಟ್ಟು ಇಬ್ಬರು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಪುಟ ಎಣಿಸಿದರು. ಮೂವತ್ತೆರಡು ಪುಟ ಸರಿಯಾಗಿ ಮಾಯ.

ಹಾಲಿನ ಡೈರಿಯವನು, ಅಪ್ಪನ ಜೊತೆ ದಿನಾ ಜಗಳವಾಡಿ ದಿನಾ ರಾಜಿಯಾಗುತ್ತಿದ್ದವನು, ಅಳುಮುಖದಲ್ಲೇ ಹೇಳಿದ. "ಅರವತ್ತಾರು ಕಡೇಗೆ ಅರವತ್ತೈದೂವರೆ ಆಗ್ಬಿಟ್ಟ ನೋಡಿ."

ಒಂದಿಬ್ಬರು ನಗು ತಡೆಯಲಾರದೆ ಲೋಟಕ್ಕೆ ಮುಖ ಹಾಕಿದರು. ಅತ್ತೆಗೆ, ಅಪ್ಪನ ತಂಗಿಗೆ, ಅದು ಕೇಳಿಸಿತು. ಅವರು ಬಾಗಿಲ ಹತ್ತಿರದಿಂದ ನೇರ ನಡೆದು ಬಂದು ಡೈರಿಯವನ ಕೈಯಿಂದ ಲೋಟ ಕಿತ್ತುಕೊಂಡರು. ಕುಡಿದಾಯ್ತಲ್ಲ, ಹೊರಡು ಅಂದರು. ಆಮೇಲೆ ಇಡೀ ಕೋಣೆಗೆ ಕೇಳುವಂತೆ, ನಮ್ಮಣ್ಣನಿಗೆ ಪೊರೆ ಬಂದಿತ್ತು, ಕಣ್ಣು ಕಾಣದ ಮನುಷ್ಯನಿಂದ ದುಡಿಸಿಕೊಂಡವರನ್ನ ಕೇಳಿ ಎಂದರು. ಮಾತು ಆಡಿದ ಮೇಲೆ ಅವರಿಗೇ ಗೊತ್ತಾಯಿತು, ತಪ್ಪು ಅಣ್ಣನದೇ ಎಂದು ತಾವೂ ಒಪ್ಪಿಕೊಂಡ ಹಾಗಾಯಿತು ಎಂದು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಅಕ್ಕ ಮಗಳ ಪಕ್ಕದಲ್ಲೇ ಕೂತಿದ್ದರು. ಫಾರಂ ಮೇಲೆ ಫಾರಂ ಇಟ್ಟು ದಾರ ಎಳೆದವರು ಅವರು. ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. "ನಿಮ್ಮಪ್ಪ ನೋಡಿ ಕೊಟ್ಟಿದ್ದಾರೆ ಅಂದ್ಮೇಲೆ ನಾನು ಯಾವತ್ತೂ ಎಣಿಸಿದವಳಲ್ಲ ಕಣೇ. ಅವರ ಕಣ್ಣಿಗೆ ಇದು ಬೀಳ್ಲಿಲ್ಲ ಅಂದ್ರೆ ನಂಗೆ ನಂಬೋಕೇ ಆಗ್ತಿಲ್ಲ."

ಮಗಳು ಹೇಳಬೇಕಾದದ್ದು ಒಂದೇ ವಾಕ್ಯ. ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಯಾರೋ, ಅಳ್ಬೇಡಮ್ಮ, ಎಂದು ಬೆನ್ನು ಸವರಿದರು.

*

ಅವಳು ಅದೇ ಪ್ರೆಸ್ಸಿನಲ್ಲಿ ಹಾಳೆ ಮಡಿಸುವ ಕೆಲಸದವಳು, ಹದಿನೆಂಟು ವರ್ಷದಿಂದ. ಎರಡು ತಿಂಗಳ ಹಿಂದೆ ಅಪ್ಪನ ಮಂಡಿ ಊದಿಕೊಂಡಾಗ, ಅವನು ಸ್ಟೂಲಿನ ಮೇಲೆ ಕೂತು, ಅವನ ಬದಲಿಗೆ ಅವಳು ಮೇಜು ಸುತ್ತತೊಡಗಿದಳು. ಜೋಡಿಸಿದ ಪುಸ್ತಕವನ್ನು ಅವಳು ಕೊಟ್ಟರೆ ಅಪ್ಪ ಬೆನ್ನು ನೋಡಬೇಕು. ಒಂದೊಂದು ಫಾರಮ್ಮಿನ ಬೆನ್ನಿಗೂ ಒಂದೊಂದು ಕರಿ ಗುರುತು, ಮೊದಲನೆಯದಕ್ಕೆ ಮೇಲೆ, ಮುಂದಿನದಕ್ಕೆ ಕೂದಲೆಳೆ ಕೆಳಗೆ. ಎಲ್ಲ ಸರಿಯಿದ್ದರೆ ಗುರುತುಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಒಂದು ತಪ್ಪಿದರೆ ಹಲ್ಲು ಬಿದ್ದ ಬಾಯಿ. ಅಪ್ಪನ ಬದಲು ಮಗಳು ಸುತ್ತುವುದು ಪ್ರೆಸ್ಸಿನ ಯಜಮಾನರಿಗೆ ಗೊತ್ತಿರಲಿಲ್ಲ. ಮಂಡಿ ಹೋಗಿದೆ ಎಂದರೆ ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆ ಅಪ್ಪನಿಗೆ.

ಒಂದು ಮಧ್ಯಾಹ್ನ ಸಭೆಯ ನೂರೈವತ್ತರ ಕೆಲಸ ನಡೆದಿತ್ತು. ಅವಳು ಎಂಬತ್ತು ಮುಗಿಸಿದ್ದಳು. ಒಂದು ಸಲ ಯೋಬ ಎನ್ನುವುದನ್ನು ನುಂಗಿಕೊಂಡು ನಡೆದಳೆಂದು ಕಾಣುತ್ತದೆ.

"ಬಾಯಿ ಬಿಟ್ಟು ಹೇಳು," ಎಂದ ಅಪ್ಪ.

ಹೇಳಿದೆ ಎಂದಳು. ಕೇಳಿಸಲಿಲ್ಲ ಎಂದ. ನಿನಗೆ ಕಿವಿಯೂ ಹೋಯ್ತಾ ಎಂದಳು. ಆ 'ಯೂ' ಅವನಿಗೆ ತಗುಲಿತು. ಬೆಳಿಗ್ಗೆಯಷ್ಟೇ ಅವನು ಉಪ್ಪಿನ ಡಬ್ಬಿಯೆಂದು ಸಕ್ಕರೆಗೆ ಕೈಹಾಕಿದ್ದನ್ನು ಅವಳು ನೋಡಿಯೂ ನೋಡದಂತೆ ಇದ್ದಳು, ಅದು ಅವನಿಗೆ ಗೊತ್ತಾಗಿತ್ತು. ಹೇಳಿಕೊಟ್ಟ ಹಾಗೆ ಮಾಡು, ದೊಡ್ಡವಳಾದೆ ಅಂತ ಕಟ್ಟುಪಾಡು ಬದಲಾಗಲ್ಲ ಎಂದು ದನಿಯೇರಿಸಿದ. ಬಾಗಿಲಲ್ಲಿ ಹೊಲಿಗೆಯ ಅಕ್ಕ ನಿಂತಿದ್ದರು. ಮಗಳ ಮುಖ ಕೆಂಪೇರಿತು.

"ನಂಗೆ ಮೂವತ್ತೊಂಬತ್ತು ವರ್ಷ. ನಾನೇನು ಸಂಡೇ ಸ್ಕೂಲ್ ಮಗುವಾ, ಗಿಣಿ ಹಾಗೆ ಹೇಳ್ಕೊಂಡು ತಿರುಗೋಕೆ?"

ಆಮೇಲಿನ ಎಪ್ಪತ್ತು ಸುತ್ತನ್ನು ಅವಳು ಬಾಯಿ ಹೊಲಿದುಕೊಂಡು ಸುತ್ತಿದಳು. ಹೆಜ್ಜೆಯ ಸದ್ದು ಮಾತ್ರ. ಕಿಟಕಿಯ ತಿರುವಿನಲ್ಲಿ, ಮೇಜಿನ ಮೂಲೆಗೆ ಸೊಂಟ ತಾಗದಂತೆ ಒಂದು ದೊಡ್ಡ ಹೆಜ್ಜೆ ಹಾಕುತ್ತಿದ್ದಳು. ಆ ಮೂಲೆಯಲ್ಲೇ ಇಪ್ಪತ್ತನೆಯ ಗುಡ್ಡೆ. ಒಂದು ಸಲ ದಾಟಿದ ಕೈ ಎಪ್ಪತ್ತು ಸಲವೂ ದಾಟಿತು. ಪ್ರತಿ ಪುಸ್ತಕವನ್ನೂ ಅವಳು ಸ್ಟೂಲಿನ ಮುಂದೆ ಇಟ್ಟಳು. ಅಪ್ಪ ಪ್ರತಿಯೊಂದರ ಬೆನ್ನನ್ನೂ ಮೂಗಿನ ಹತ್ತಿರಕ್ಕೆ ಹಿಡಿದು, ನೋಡಿದ ಹಾಗೆ ಮಾಡಿ, ಪಕ್ಕಕ್ಕೆ ಇಟ್ಟ. ಕಾಣುತ್ತಿದೆಯಾ ಎಂದು ಅವಳು ಕೇಳಲಿಲ್ಲ. ಐದು ಗಂಟೆಯಾದದ್ದೇ ಚಪ್ಪಲಿ ಮೆಟ್ಟಿಕೊಂಡು ಒಬ್ಬಳೇ ಮನೆಗೆ ಹೊರಟುಬಿಟ್ಟಳು. ಗುಡ್ಡೆಗಳಲ್ಲಿ ಉಳಿದದ್ದನ್ನು ಕಟ್ಟಿ ಬೀರುವಿಗೆ ಹಾಕಲು ಅಪ್ಪನೊಬ್ಬನೇ ಉಳಿದ.

*

ಕೋಣೆ ಖಾಲಿಯಾಗುತ್ತಿತ್ತು. ಪ್ರೆಸ್ಸಿನ ಯಜಮಾನರು ಕುರ್ಚಿಯೊಂದನ್ನು ಎಳೆದುಕೊಂಡು ಮಗಳ ಎದುರಿಗೆ ಕೂತರು. ಒಳ್ಳೆಯ ಮನುಷ್ಯರು. ಜನ ಏನಾದರೂ ಅಂದುಕೊಳ್ಳಲಿ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಎಪ್ಪತ್ತು ಪುಸ್ತಕ ತಾನೆ, ಬಿಚ್ಚಿ ಮತ್ತೆ ಹೊಲಿಸಿ ಕೊಡೋಣ ಎಂದರು.

ಮಗಳು ತಲೆಯೆತ್ತಿದಳು. ಎಷ್ಟು ಪುಸ್ತಕವೆಂದು ಯಾರೂ ಎಣಿಸಿರಲಿಲ್ಲ.

"ಎಪ್ಪತ್ತು ಅಂತ ನಿಮಗೆ ಹೇಗೆ ಗೊತ್ತು ಸಾರ್?"

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಮೊನ್ನೆ ಸಂಜೆ ಅವಳ ಅಪ್ಪ ತಮ್ಮ ರೂಮಿಗೆ ಬಂದಿದ್ದನ್ನು ಹೇಳಿದರು. ಬೀರು ಖಾಲಿ ಮಾಡುವಾಗ ಉಳಿದ ಫಾರಮ್ಮುಗಳ ಒಂದು ಕಟ್ಟು ಕೈಗೆ ದಪ್ಪ ಸಿಕ್ಕಿತಂತೆ. ಮೇಲೆ ಏನು ಬರೆದಿದೆ ಓದಿ ಎಂದು ಮುಂದಿಟ್ಟನಂತೆ. ಇಪ್ಪತ್ತು ಎಂದು ಓದಿದರಂತೆ. ಎಣಿಸಿ ಎಂದನಂತೆ. ಬೇರೆ ಕಟ್ಟುಗಳಿಗಿಂತ ಎಪ್ಪತ್ತು ಹೆಚ್ಚು ಎಂದಾಗ ಮೇಜು ಹಿಡಿದುಕೊಂಡು ನಿಂತನಂತೆ. ನನ್ನ ಕಣ್ಣು ಹೋಗಿದೆ, ನಿಮ್ಮಿಂದ ಮುಚ್ಚಿಟ್ಟಿದ್ದೆ, ಜೋಡಿಸಿದ್ದೂ ನಾನೇ ನೋಡಿದ್ದೂ ನಾನೇ ಎಂದನಂತೆ.

"ನಿನ್ನ ವಿಷಯ ನಾನು ಕೇಳೂ ಇರಲಿಲ್ಲ. ಅವರಾಗೇ ಹೇಳಿದ್ರು, ಮಗಳು ಅವತ್ತು ಆ ಕೋಣೆಗೇ ಬಂದಿಲ್ಲ ಅಂತ."

ಮೊನ್ನೆ ಸಂಜೆ. ಅಪ್ಪ ಮನೆಗೆ ಬಂದು ಕೈಕಾಲು ತೊಳೆದು, ಅವಳು ಬಡಿಸಿದ್ದನ್ನು ಉಂಡು, ನಾಳೆಗೆ ಅಂಗಿ ಒಗೆದಿದೆಯಾ ಎಂದು ಕೇಳಿ ಮಲಗಿದ್ದ. ಅದರ ಬಗ್ಗೆ ಒಂದಕ್ಷರವೂ ಹೇಳಿರಲಿಲ್ಲ. ಕಟ್ಟಲು ಕೊಟ್ಟ ಪುಸ್ತಕವನ್ನು ಒಂದು ದಿನ ತಡವಾಗಿ ಕೊಟ್ಟರೂ ನೆಪ ಹೇಳದ ಮನುಷ್ಯ, ಯಜಮಾನರ ಮುಂದೆ ನಿಂತು ಸುಳ್ಳು ಹೇಳಿ ಬಂದು, ಅಂಗಿಯ ವಿಷಯ ಮಾತಾಡಿದ್ದ.

"ಅವತ್ತು ಮೇಜು ಸುತ್ತಿದ್ದು ನಾನು," ಎಂದಳು. "ಎಪ್ಪತ್ತಕ್ಕೆ ಎಪ್ಪತ್ತೂ ನನ್ನ ಕೈ."

ಯಜಮಾನರು ಹಿಂತಿರುಗಿ ನೋಡಿದರು. ಬಾಗಿಲ ಹತ್ತಿರ ಅತ್ತೆ, ಪಾದ್ರಿಗಳು, ಹೊಲಿಗೆಯ ಅಕ್ಕ. ಯಜಮಾನರ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

"ಆ ಮಾತು ನಾನು ಕೇಳಿಲ್ಲ. ನೀನೂ ಇನ್ನೊಂದ್ಸಲ ಹೇಳ್ಬೇಡ. ಅವರು ಕೇಳಿದ್ದು ಒಂದೇ, ತಪ್ಪು ನನ್ನ ಹೆಸರಿಗಿರಲಿ, ಜಾಗ ಮಗಳಿಗೆ ಕೊಡಿ ಅಂತ. ಮಡಿಸೋ ಕೆಲಸ ಇನ್ನು ಆರು ತಿಂಗಳು ಅಷ್ಟೇ ಕಣಮ್ಮ, ಮೆಷಿನ್ ಬರ್ತಾ ಇದೆ. ಆ ಮೇಜು ಬಿಟ್ರೆ ನಿಂಗೆ ಅಲ್ಲಿ ಬೇರೆ ಜಾಗ ಇಲ್ಲ. ಹೋದವರಿಗೆ ಇದರಿಂದ ಆಗಬೇಕಾದ್ದು ಏನಿದೆ? ಅವರ ಹೆಸರಿಗೇ ಇರಲಿ."

ಕೋಟಿನ ಜೇಬಿಗೆ ಕೈಹಾಕಿ ಒಳಕೋಣೆಯ ಬೀಗದ ಕೈ ತೆಗೆದರು. ನಿನ್ನೆ ಮೆಟ್ಟಿಲ ಮೇಲೆ ಬಿದ್ದಿತ್ತಂತೆ. ಅಂಗೈ ಮೇಲಿಟ್ಟು ಅವಳ ಮುಂದೆ ಚಾಚಿದರು. ಸೋಮವಾರದಿಂದ ಬಾ ಎಂದರು.

"ಬೇಡ. ಎಪ್ಪತ್ತೂ ನನ್ನ ಹೆಸರಿಗೇ ಇರಲಿ," ಎಂದಳು ಮಗಳು, ಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.