ಚಿಂಚೋಳಿ ಸ್ಟೇಜಿನ ಮೇಲಿನ ಮೂಕ ಆಂಪ್

ಲುಂಬಿನಿ ತನ್ನ ಹಾಡನ್ನು ಮೊದಲ ಸಲ ಕೇಳಿದ್ದು ವಾಡಿಯಿಂದ ಶಹಾಬಾದಕ್ಕೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ. ಎದುರು ಸೀಟಿನಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರು ಮೊಬೈಲನ್ನು ಜೋರಾಗಿ ಹಚ್ಚಿಕೊಂಡಿದ್ದರು. ಧೀರೇಂದ್ರನ ದನಿ ಕೇಳಿಸಿತು, ಹಿಂದಿನಿಂದ ಮೆಹತಾಬನ ಡ್ರಮ್ಮು. ಹಾಡಿನ ಹೆಸರು 'ಧೂಳು'. ಲುಂಬಿನಿಗೆ ಮೈ ಜುಮ್ಮೆಂದಿತು. ನಡುವೆ ಒಂದು ಕಡೆ ಮಾತೆಲ್ಲ ನಿಂತು ಡ್ರಮ್ಮಿನ ಜೊತೆ ಗಿಟಾರೊಂದೇ ನುಡಿಯುತ್ತದೆ. ಅದು ಆಕೆ ಕಟ್ಟಿದ್ದು. ಅದಕ್ಕಾಗಿ ಕಿವಿ ಚಾಚಿ ಕಾದಳು.

ಗಿಟಾರ್ ಬಂತು. ಅದು ಆಕೆಯದಲ್ಲ.

ಸ್ವರಗಳು ಅವೇ, ಆದರೆ ಒಂದೊಂದನ್ನೂ ಇಸ್ತ್ರಿ ಹೊಡೆದು ಮಡಚಿಟ್ಟಂತಿದ್ದವು. ಎಳೆದ ಕಡೆ ಎಳೆತವಿಲ್ಲ, ಹರಿಯಬೇಕಾದ ಕಡೆ ಹರಿದಿಲ್ಲ. ಯಾರ ಬೆರಳೂ ಮುಟ್ಟದ ಕಂಪ್ಯೂಟರ್ ಗಿಟಾರ್ ಅದು. ಆಕೆ ಹುಡುಗಿಯರ ಮೊಬೈಲಿನತ್ತ ಬಗ್ಗಿ ನೋಡಿದಳು. ಕೆಳಗೆ ಸ್ಪಷ್ಟವಾಗಿ ಬರೆದಿತ್ತು: ಗಿಟಾರ್, ಲುಂಬಿನಿ.

ಲುಂಬಿನಿ ಶಹಾಬಾದಿನ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಧೀರೇಂದ್ರ ಡಿಗ್ರಿಯಲ್ಲಿ ಆಕೆಯ ಕ್ಲಾಸ್‌ಮೇಟ್, ಈಗ ಸೇಡಂನಲ್ಲಿ ವಕೀಲ. ಮೆಹತಾಬನ ಮನೆಯವರದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡು. ಶುಕ್ರವಾರ ಮಷಿನ್ ಬಂದಾಗಿರುತ್ತಿದ್ದರಿಂದ ಮೂವರೂ ಸಂಜೆ ಅಲ್ಲಿ ಕೂಡಿ ಬಾರಿಸುತ್ತಿದ್ದರು. ಲುಂಬಿನಿಯ ಆಂಪ್, ಅಂದರೆ ಗಿಟಾರಿನ ದನಿ ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ, ಹಳೆಯ ಕಾಲದ್ದು, ಅಜ್ಜಂದಿರ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವುಗಳದ್ದು. ಹೈದರಾಬಾದಿನಲ್ಲಿ ಸಂಗೀತ ಬಿಟ್ಟ ಒಬ್ಬರಿಂದ ತಂದಿದ್ದಳು. ಎತ್ತಲು ಇಬ್ಬರು ಬೇಕು, ಬಿಸಿಯಾಗಲು ಒಂದಿಷ್ಟು ಹೊತ್ತು ಬೇಕು. ಮೆಲ್ಲಗೆ ಮೀಟಿದರೆ ಹಿತವಾಗಿ ನುಡಿಯುತ್ತಿತ್ತು. ಜೋರಾಗಿ ಮೀಟಿದರೆ ಕೂಗಿ ಕೂಗಿ ಗಂಟಲು ಹರಿದವರ ದನಿ ಬರುತ್ತಿತ್ತು. ರಾಕ್ ಬಾರಿಸುವವರಿಗೆ ಗಿಟಾರ್ ಬರೀ ಅರ್ಧ, ಉಳಿದರ್ಧ ಆಂಪು. 'ಧೂಳು' ಹಾಡಿಗೆ ಆ ಹರಿದ ದನಿಯೇ ಬೇಕಿತ್ತು.

ರೆಕಾರ್ಡಿಂಗಿಗೆ ಹೋದಾಗ ಸೇಡಂನ ಸ್ಟುಡಿಯೋ ಮಾಲೀಕ ನಂದಕಿಶೋರ್ ಆಂಪ್ ನೋಡಿದವನೇ ಮುಖ ಕಿವುಚಿದ್ದ. "ಇಷ್ಟು ದೊಡ್ಡದು ಯಾಕ ಹೊತ್ತು ತಂದೀರಿ ಮ್ಯಾಡಂ? ಎಲ್ಲಾ ಕಂಪ್ಯೂಟರಿನಾಗೇ ಅದ." ಲುಂಬಿನಿ ಒಪ್ಪಲಿಲ್ಲ. ಆಂಪಿನ ಮುಂದೆ ಮೈಕು ಇಡಿಸಿ, ಬೆರಳು ಕಂದುವವರೆಗೆ ಮತ್ತೆ ಮತ್ತೆ ಬಾರಿಸಿ, ಕೊನೆಗೆ ಒಂದು ಸಲ ಎಲ್ಲ ಕೂಡಿಬಂದಾಗ ಧೀರೇಂದ್ರನೇ ಗಾಜಿನಾಚೆ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದ. ಅದು ಎಲ್ಲಿ ಹೋಯಿತು?

ಶಹಾಬಾದ್ ಸ್ಟೇಷನ್ನಿನಲ್ಲಿ ಇಳಿದವಳೇ ಧೀರೇಂದ್ರನಿಗೆ ಫೋನ್ ಹಚ್ಚಿದಳು.

"ಹಾಡಿನಾಗ ನನ್ನ ಗಿಟಾರ್ ಎಲ್ಲದ?"

"ನಂದಕಿಶೋರ್ ಜರಾ ಸಾಫ್ ಮಾಡ್ಯಾನ. ನಿಂದು ಭಾಳ ಒರಟಾಗಿತ್ತು ಲುಂಬಿನಿ. ಮೊಬೈಲಿನಾಗ ಕೇಳೋ ಮಂದಿ ತಡಕೋಳಾಂಗಿಲ್ಲ ಅಂದ."

"ಸಾಫ್ ಮಾಡಿಲ್ಲ, ತೆಗದು ಒಗದಾನ. ನಿನಗ ಗೊತ್ತಿತ್ತು?"

"ನಿನ್ನ ಹೆಸರು ಹಾಕೀವಲ್ಲ!"

"ನನ್ನ ಹೆಸರಿಟ್ಟು ಬ್ಯಾರೇದನ್ನ ಕೇಳ್ಸಾಕತ್ತೀರಿ. ಅದಕ್ಕ ಏನಂತಾರ ವಕೀಲಸಾಬ್?"

ಅವನು ಅಲವತ್ತುಕೊಂಡ. ಹಾಡು ಓಡಬೇಕೆಂಬ ಆಸೆ ತನಗೊಬ್ಬನಿಗೇ ಇದೆಯೇ ಎಂದ. ಕೊನೆಗೆ, ಮುಂದಿನ ವಾರ ಚಿಂಚೋಳಿಯ ಕಾಲೇಜು ಸಮಾರಂಭದಲ್ಲಿ ಆಕೆಯ ಆಂಪಿನಿಂದಲೇ ಬಾರಿಸೋಣ, ಮಂದಿ ಖರೆ ಗಿಟಾರ್ ಕೇಳಲಿ ಎಂದು ಮಾತು ಕೊಟ್ಟ. ಇಷ್ಟು ವರ್ಷದ ಗೆಳೆತನ. ಲುಂಬಿನಿ ಸಿಟ್ಟು ನುಂಗಿಕೊಂಡಳು.

ಮನೆಯಲ್ಲಿ ಅವ್ವ ತುಳಜಾಬಾಯಿಗೆ ಮಾತ್ರ ಇದೆಲ್ಲ ತಿಳಿಯಲಿಲ್ಲ. "ಹೆಸರು ಬಂದದಲ್ಲವ್ವ, ಮತ್ಯಾಕ ಊಟ ಬಿಟ್ಟಿ?"

"ನೀ ಮಾಡಿದ ಹೋಳಿಗಿ ತಿಪ್ಪಿಗಿ ಚೆಲ್ಲಿ, ಅಂಗಡಿಯಿಂದ ತಂದು ಬಡಿಸಿ, ತುಳಜಾಬಾಯಿ ಮಾಡ್ಯಾಳ ಅಂದ್ರ ನೀ ಸುಮ್ಮ ಇರ್ತಿ?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಂಥವರ ಮನಿ ಹೊಸ್ತಿಲಾ ತುಳಿಯಾಂಗಿಲ್ಲ ನಾ."

ಚಿಂಚೋಳಿಗೆ ಲುಂಬಿನಿ ಬಸ್ಸಿನಲ್ಲಿ ಹೋದಳು. ಆಂಪ್ ಬೆಳಿಗ್ಗೆಯೇ ಮೆಹತಾಬನ ಟೆಂಪೋದಲ್ಲಿ ಹೋಗಿತ್ತು. ಕಾಲೇಜಿನ ಹಾಲ್ ತುಂಬಿತ್ತು. ಸ್ಟೇಜಿನ ನಟ್ಟನಡುವೆ ಆಂಪನ್ನು ಚೆಂದಾಗಿ ಒರೆಸಿ ಇಟ್ಟಿದ್ದರು. ಕೆಂಪು ದೀಪ ಹತ್ತಿತ್ತು, ಮುಂದೆ ಮೈಕೂ ಇತ್ತು. ಆಕೆ ಗಿಟಾರಿನ ವೈರ್ ಹಿಡಿದು ನೋಡುತ್ತ ಹೋದಳು. ಅದು ಜಮಖಾನದ ಅಡಿಗೆ ಹೋಗಿ ಅಲ್ಲೇ ಮುಗಿದಿತ್ತು. ಮೈಕಿನ ವೈರೂ ಹಾಗೆಯೇ, ಯಾವುದಕ್ಕೂ ಜೋಡಿಸಿರಲಿಲ್ಲ.

ಸೌಂಡ್ ನೋಡಿಕೊಳ್ಳುವ ಲಕ್ಷ್ಮಿಕಾಂತ ಲ್ಯಾಪ್‌ಟಾಪಿನ ಹಿಂದಿನಿಂದ ತಲೆ ಎತ್ತಿದ. "ಲೈಟ್ ಹತ್ತೇದಲ್ರಿ ಮ್ಯಾಡಂ, ಅಷ್ಟು ಸಾಕಂದಾರ ಧೀರೇಂದ್ರ ಸರ್. ರೆಕಾರ್ಡ್ ಆದ ಟ್ರ್ಯಾಕ್ ನಾ ಬಿಡ್ತೀನಿ. ನೀವು ಸುಮ್ನ ಕೈ ಆಡಸ್ರಿ."

ಆಕೆ ಧೀರೇಂದ್ರನನ್ನು ಹುಡುಕಿಕೊಂಡು ಒಳಗೆ ನುಗ್ಗಿದಳು. ಪರದೆಯ ಹಿಂದೆ ಧೀರೇಂದ್ರ ಕೈ ಮುಗಿದ. "ಇವತ್ತೊಂದಿನ ಲುಂಬಿನಿ. ಮಂದಿ ಆ ಹಾಡೇ ಕೇಳಿ ಬಂದಾರ. ಹಂಗೇ ಕೇಳಿಸಬೇಕು." ಪಕ್ಕದಲ್ಲಿದ್ದ ನಂದಕಿಶೋರ್ ನಕ್ಕ. "ನಿಮ್ಮ ಕೈಯಾಗ ಗಿಟಾರ್ ಇದ್ರ ಸಾಕ್ರಿ ಮ್ಯಾಡಂ. ಹೆಣ್ಮಗಳು, ಹಿಂದ ದೊಡ್ಡ ಆಂಪು. ಫೋಟೋದಾಗ ಭಾಳ ಚಲೋ ಕಾಣ್ತದ."

ಆಕೆ ಉತ್ತರ ಕೊಡುವಷ್ಟರಲ್ಲಿ ಸ್ಟೇಜಿನಿಂದ ಮೂವರ ಹೆಸರು ಕೂಗಿದರು.

ಹಾಡು ಶುರುವಾಯಿತು. ಧೀರೇಂದ್ರ ಒಳ್ಳೆಯ ಹಾಡುಗಾರ, ಅದನ್ನು ಇಲ್ಲವೆನ್ನಲಾಗದು. ಲುಂಬಿನಿಯ ಕೈ ರೂಢಿಯಂತೆ ತಂತಿಗಳ ಮೇಲೆ ಓಡಿತು. ಮೀಟಿದ್ದೊಂದೂ ಕೇಳಲಿಲ್ಲ. ತನ್ನ ಬೆರಳಿಗೆ ಸಂಬಂಧವೇ ಇಲ್ಲದ ಸದ್ದು ದೊಡ್ಡ ಸ್ಪೀಕರುಗಳಿಂದ ಬರುತ್ತಿತ್ತು. ಕ್ಲಾಸಿನಲ್ಲಿ ಮಕ್ಕಳಿಗೆ ಸುಳ್ಳು ಲೆಕ್ಕ ಬರೆದು ತೋರಿಸುತ್ತಿದ್ದಂಥ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಮಾತು ನಿಂತು ಗಿಟಾರ್ ನುಡಿಯುವ ಆ ಜಾಗ ಬಂದಾಗ ಆಕೆ ಎರಡೂ ಕೈ ತಂತಿಯಿಂದ ತೆಗೆದು ಎದೆಯ ಮೇಲೆ ಕಟ್ಟಿಕೊಂಡಳು.

ಗಿಟಾರ್ ನುಡಿಯುತ್ತಲೇ ಇತ್ತು.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಿಂದಿನವರು ಎದ್ದು ನೋಡತೊಡಗಿದರು. ಮೆಹತಾಬನಿಗೂ ಸ್ಟೇಜಿಗೆ ಬಂದ ಮೇಲೇ ವಿಷಯ ಗೊತ್ತಾಗಿತ್ತು. ಅವನು ಡ್ರಮ್ ಬಾರಿಸುವ ಕಟ್ಟಿಗೆಗಳನ್ನು ತೊಡೆಯ ಮೇಲಿಟ್ಟು ಕೂತುಬಿಟ್ಟ. ಡ್ರಮ್ಮೂ ಬಾರಿಸುವವನಿಲ್ಲದೆ ನುಡಿಯುತ್ತಿತ್ತು. ಧೀರೇಂದ್ರ ಹಲ್ಲು ಕಚ್ಚಿ "ಬಾರ್ಸು, ಬಾರ್ಸು" ಎಂದು ಪಿಸುಗುಟ್ಟಿದ. ಲುಂಬಿನಿ ಅವನ ಕೈಯಿಂದ ಮೈಕು ತೆಗೆದುಕೊಂಡಳು.

"ನೀವು ಕೇಳ್ಲಿಕತ್ತಿದ್ದು ನಾ ಬಾರ್ಸಿದ್ದಲ್ರಿ. ನಾ ಬಾರ್ಸೋದು ಹಿಂಗಿರ್ತದ."

ಜಮಖಾನದ ಅಡಿಯಿಂದ ವೈರ್ ಎಳೆದು ಆಂಪಿಗೆ ಚುಚ್ಚಿದಳು. ಅದಕ್ಕೆ ಬೇರೆ ಸ್ಪೀಕರ್ ಬೇಕಿರಲಿಲ್ಲ. ಆ ಹಾಲ್ ತುಂಬಿಸುವಷ್ಟು ದನಿ ಅದರೊಳಗೇ ಇತ್ತು. ಮೊದಲ ಸ್ವರಕ್ಕೇ ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಒಂದಷ್ಟು ಹೊತ್ತು ಎರಡು ಗಿಟಾರುಗಳು ಒಂದರ ಮೇಲೊಂದು ಬಿದ್ದು ಕಾದಾಡಿದವು. ಆಮೇಲೆ ಲಕ್ಷ್ಮಿಕಾಂತ ತಾನಾಗಿಯೇ ಟ್ರ್ಯಾಕ್ ಇಳಿಸಿದ. ಮೆಹತಾಬ ಕಟ್ಟಿಗೆ ಎತ್ತಿಕೊಂಡ.

ಅಂದು ಆಕೆ ಚೆನ್ನಾಗಿ ಬಾರಿಸಲಿಲ್ಲ. ಸಿಟ್ಟಿನಲ್ಲಿ ಎರಡು ಕಡೆ ತಪ್ಪಿತು. ಪ್ರಿನ್ಸಿಪಾಲರು ಕಿವಿ ಮುಚ್ಚಿಕೊಂಡು ಹೊರಗೆ ಹೋದರು. ಅವರ ಹಿಂದೆ ಇನ್ನೂ ಕೆಲವರು ಎದ್ದರು. ಹಿಂದಿನ ಸಾಲಿನ ಹುಡುಗಿಯರು ಮಾತ್ರ ಬೆಂಚಿನ ಮೇಲೆ ಹತ್ತಿ ಸಿಳ್ಳೆ ಹೊಡೆದರು.

ಹಾಲಿನ ಹಿಂದೆ ಟೆಂಪೋ ಹತ್ತಿರ ಧೀರೇಂದ್ರ ಕೂಗಾಡಿದ. "ಎಲ್ಲರ ಮುಂದ ನನ್ನ ಮರ್ಯಾದಿ ತೆಗದಿ!"

"ನಂದು ತೆಗದಾಗ ನಿನಗ ಕೇಳಿಸ್ಲಿಲ್ಲ? ನಾ ಬಾರ್ಸಿದ್ದು ವಾಪಸ್ ಹಾಕು. ಇಲ್ಲಾಂದ್ರ ನನ್ನ ಹೆಸರು ತೆಗಿ. ಎರಡರಾಗ ಒಂದು."

ಭಾನುವಾರ ಆಕೆ ಸೇಡಂನ ಸ್ಟುಡಿಯೋಗೆ ಹೋಗಿ ತನ್ನ ರೆಕಾರ್ಡಿಂಗ್ ಕೊಡಿ ಎಂದು ಕೇಳಿದಳು. ನಂದಕಿಶೋರ್ ಕುರ್ಚಿ ತೋರಿಸಿದ. "ಕುಂದ್ರಿ ಮ್ಯಾಡಂ. ಅದು ಅಳಿಸಿಬಿಟ್ಟೀನ್ರಿ. ಜಾಗ ಇರ್ಲಿಲ್ಲ."

ಲುಂಬಿನಿ ಕೂಡಲಿಲ್ಲ. "ಯಾರಿಗಿ ಕೇಳಿ ಅಳಿಸೀದ್ರಿ?"

"ಇದರಾಗ ಕೇಳೋದೇನದ? ಮತ್ತ ಬಾರಸ್ರಿ, ಏನೀಗ?"

ಅಷ್ಟು ಕಷ್ಟಪಟ್ಟು ಒಮ್ಮೆ ಕೂಡಿಬಂದದ್ದು ಅವನಿಗೆ ಒರೆಸಿ ಹಾಕುವ ಕಸ! ಬಾಗಿಲಲ್ಲಿ ನಿಂತು ಆಕೆ ಹೇಳಿದಳು: "ನೀವು ಮಾಡಿದ್ದನ್ನೇ ಹಿಂಗ ಯಾರಾದ್ರೂ ಅಳಿಸಿದ್ರ ಆಗ ಹೇಳ್ರಿ ನನಗ, ಜಾಗ ಇರ್ಲಿಲ್ಲ ಅಂತ." ಬೀದಿಗೆ ಬಂದ ಮೇಲೆ ಕಣ್ಣಲ್ಲಿ ನೀರು ಬಂತು. ಅದಕ್ಕೂ ಸಿಟ್ಟೇ ಬಂತು.

ಕೆಲ ದಿನಗಳ ಬಳಿಕ 'ಧೂಳು' ಹಾಡಿನ ಕೆಳಗಿನಿಂದ ಆಕೆಯ ಹೆಸರು ಹೋಯಿತು. ಹಾಡು ಮಾತ್ರ ಓಡುತ್ತಲೇ ಇತ್ತು. ಲುಂಬಿನಿ, ಮೆಹತಾಬ ಇಬ್ಬರೇ ಶಹಾಬಾದಿನ ಶೆಡ್ಡಿನಲ್ಲಿ ಕೂತು ಹೊಸದೊಂದನ್ನು ರೆಕಾರ್ಡ್ ಮಾಡಿದರು. ಧೀರೇಂದ್ರ ಬರೆದ ಹಾಡಿನ ಸಾಲುಗಳನ್ನು ಮುಟ್ಟಲಿಲ್ಲ. ಬರೀ ಗಿಟಾರ್, ಡ್ರಮ್ಮು, ದೂರದಲ್ಲೆಲ್ಲೋ ಒಂದು ರೈಲಿನ ಸೀಟಿ. ಕೇಳಿದವರು ಕಡಿಮೆಯೇ.

ಧೀರೇಂದ್ರ ಕೇಳಿದ್ದ. ಫೋನ್ ಮಾಡಿದ. "ಭಾಳ ಚಲೋ ಅದ ಲುಂಬಿನಿ. ಖರೇನೆ. ಮತ್ತ ಕೂಡಿ ಬಾರ್ಸೋಣೇನು?"

"ಚಲೋ ಅದ ಅಂತ ನನಗ್ಯಾಕ ಹೇಳ್ತಿ? ನನ್ನದು ಒರಟು ಅಂತ ಯಾರ್‍ಯಾರ ಮುಂದ ಹೂಂ ಅಂದೀದಿ, ಅವರ ಮುಂದ ಹೋಗಿ ಹೇಳು. ಆಮ್ಯಾಲ ನೋಡೋಣ."

ಆಕೆ ಫೋನ್ ಇಟ್ಟಳು. ಕಾಲೇಜಿನ ಗಂಟೆ ಹೊಡೆದಿತ್ತು. ಚಾಕ್‌ಪೀಸ್ ತೆಗೆದುಕೊಂಡು ಕ್ಲಾಸಿಗೆ ನಡೆದಳು. ಸಿಟ್ಟು ಇನ್ನೂ ಆರಿರಲಿಲ್ಲ, ಆರಿಸಿಕೊಳ್ಳುವ ಅವಸರವೂ ಆಕೆಗಿರಲಿಲ್ಲ.