ಗ್ಯಾಲರಿಯ ಮೂರನೆಯ ಫರಸಿ

ಮಿರಗಾ ಮಳೆ ಹಿಡಿದು ಎಂಟು ದಿನವಾಗಿತ್ತು, ಹೊತ್ತು ಬೆಳಗಿನ ಆರು. ಅರವತ್ತೆರಡನೆಯ ಇಸವಿ. ಶಹಾಬಾದದ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುವ ಹಾಜಿಮಲಂಗನ ಮಗಳು ರಹೀಮಾ, ನರ್ಸ್ ತರಬೇತಿಗೆಂದು ಮುಂಬಯಿಯಲ್ಲಿ ರೈಲು ಇಳಿದಳು. ಅಪ್ಪ ಹಾಸ್ಟೆಲಿನ ಬಾಗಿಲತನಕ ಬಂದು, ಮಧ್ಯಾಹ್ನದ ಗಾಡಿಗೇ ತಿರುಗಿ ಹೋದ. ಹೆಣ್ಣುಹುಡುಗಿಯನ್ನು ಅಷ್ಟು ದೂರ ಕಳಿಸುತ್ತಾನೆಂದು ಮೊಹಲ್ಲಾದವರು ಅವನ ಸಂಗಡ ಮಾತು ಬಿಟ್ಟಿದ್ದರು. ಓದು ಕೆಟ್ಟು ಮರಳಿದರೆ ಅವನು ಮುಖ ಎತ್ತುವಂತಿರಲಿಲ್ಲ.

ಅವಳ ಖೋಲಿ ಮೂರನೆಯ ಅಂತಸ್ತಿನಲ್ಲಿ. ಜೊತೆಗೆ ತೆಂಗಳಿಯ ಸೂಗಮ್ಮ, ಒಕ್ಕಲುತನದ ಮನೆಯ ಹುಡುಗಿ. ಮುಂದೆ ಉದ್ದನೆಯ ಗ್ಯಾಲರಿ, ಕಬ್ಬಿಣದ ತೊಲೆಗಳ ಮೇಲೆ ಹಾಸಿದ ಫರಸಿ ಚಪ್ಪಡಿಗಳು. ಕೆಳಗೆ ರಸ್ತೆ.

“ಇವು ನಮ್ಮೂರ ಕಲ್ಲೇ ನೋಡ!” ಎಂದು ಹಿಗ್ಗಿ, ರಹೀಮಾ ಹಿತ್ತಾಳೆ ಲೋಟದ ಬುಡದಿಂದ ಒಂದೊಂದನ್ನೇ ಬಡಿದಳು. ಎರಡು ಕಲ್ಲು ಠಣ್ ಅಂದವು. ಮೂರನೆಯದು ದಬ್ ಅಂದಿತು.

ಅವಳ ಕೈ ಅಲ್ಲೇ ನಿಂತಿತು. ಸಪ್ಪಳ ಸತ್ತ ಕಲ್ಲಿನ ಹೊಟ್ಟೆಯಲ್ಲಿ ಸೀಳಿರುತ್ತದೆ, ಮೇಲೆ ಕಾಣುವುದಿಲ್ಲ. ಅಂಥ ಕಲ್ಲಿನ ಮೇಲೆ ಕಾಲಿಟ್ಟೇ ಅವಳ ಕಾಕಾ ಶಹಾಬುದ್ದೀನ ಖಣಿಯೊಳಗೆ ಬಿದ್ದವನು ಏಳಲಿಲ್ಲ. ಖಣಿಯವರು ಅದನ್ನು ಒಡೆದಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕಲ್ಲು ಕೇಳಿಸಿಕೊಂಡು ಆಗಲೇ ಬಾಯಿ ತೆರೆಯುತ್ತದೆಂದು ಹೆದರಿಕೆ. ತಲೆಯ ವಸ್ತ್ರ ತೆಗೆದು ಮೇಲೆ ಹಾಸುತ್ತಾರೆ. ಕಂಡವರು ಸುತ್ತಿ ಹೋಗುತ್ತಾರೆ.

ರಹೀಮಾ ತನ್ನ ಓಢಣಿ ಹಾಸಿದಳು.

ತುಸು ಹೊತ್ತಿಗೆ ಸೂಗಮ್ಮ ಅದನ್ನು ಮಡಚಿ ತಂದಳು. “ಏ, ನಿನ್ನ ಓಢಣಿ ಹೊರಗ ಬಿದ್ದಿತ್ತು. ಮುಂಬೈಕ ಬಂದ ಮ್ಯಾಲ ಅರಿವಿ ಖಬರನೂ ಇಲ್ಲೇನು?”

“ನೀ ಅದರ ಮ್ಯಾಲ ನಿಂತಿದ್ದೇನು?”

“ನಿಲ್ದೆ ಹಾರಿ ಬರ್ಲೇನು?”

ಮರುದಿನ ಮತ್ತೆ ಹಾಸಿದಳು. ಯಾವಳೋ ಅದಕ್ಕೆ ಕಾಲು ಒರೆಸಿಕೊಂಡು ಹೋದಳು. ಮೂರನೆಯ ದಿನ ಹಾಸ್ಟೆಲಿನ ಮೇಟ್ರನ್ ಓಢಣಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, ಇನ್ನೊಮ್ಮೆ ಇಂಥ ಹೊಲಸು ಕಂಡರೆ ಊರಿಗೆ ಅಟ್ಟುತ್ತೇನೆಂದಳು.

ಸೂಗಮ್ಮ ದಿನಾ ಬೆಳಿಗ್ಗೆ ಅದೇ ಕಲ್ಲಿನ ಮೇಲೆ ನಿಂತು ತಲೆ ಬಾಚುತ್ತಿದ್ದಳು. ರಹೀಮಾ ಎಲುಬುಗಳ ಹೆಸರು ಬಾಯಿಪಾಠ ಮಾಡುತ್ತ ಅವಳ ಹಿಮ್ಮಡಿಯನ್ನೇ ನೋಡುತ್ತಿದ್ದಳು. ಒಂದು ಹೆಸರೂ ತಲೆಗೆ ಹತ್ತಲಿಲ್ಲ.

“ಅಲ್ಲಿ ನಿಂದರಬ್ಯಾಡವಾ.”

“ಯಾಕ, ದೆವ್ವ ಅದಾವೇನು? ಗಾಳಿ ಬರೂದು ಇಲ್ಲೇ ನೋಡ.”

ರವಿವಾರ ಸಂಜೆ ಕೆಳಗೆ ಮದುವೆಯ ಬ್ಯಾಂಡು ಬಂತು. ಹುಡುಗಿಯರೆಲ್ಲ ಗ್ಯಾಲರಿಗೆ ಓಡಿದರು. ಮೂರನೆಯ ಫರಸಿಯ ಮೇಲೇ ಆರು ಮಂದಿ, ನಡುವೆ ಸೂಗಮ್ಮ. ಒಬ್ಬಳು ಬ್ಯಾಂಡಿಗೆ ಸರಿಯಾಗಿ ಕುಣಿಯತೊಡಗಿದಳು.

“ಒಡದಾದ! ಕಲ್ಲು ಒಡದಾದ, ಸರೀರಿ!” ರಹೀಮಾ ಚೀರಿದಳು. ಸೂಗಮ್ಮನ ಹೆರಳು ಹಿಡಿದು ಒಳಗೆಳೆದಳು. ಕನ್ನಡ ತಿಳಿಯದ ಉಳಿದವರು ಹುಚ್ಚು ಹಿಡಿಯಿತೆಂದು ಹೆದರಿ ಚದುರಿದರು.

ಮೇಟ್ರನ್ ಬಂದು ಕೇಳಿದಳು. ಬಾಯಿಂದ ಬಿದ್ದ ಮಾತು ಬಿದ್ದಾಗಿತ್ತು. ರಹೀಮಾ ತನ್ನ ದಖನಿ ಉರ್ದುವಿನಲ್ಲಿ ಇನ್ನೊಮ್ಮೆ ಹೇಳಿದಳು. ಮೇಟ್ರನ್ ಕಲ್ಲಿನ ಮೇಲೆ ಹೋಗಿ ಎರಡು ಸಲ ಕಾಲು ಅಪ್ಪಳಿಸಿದಳು. ರಹೀಮಾ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ.

ನಾಳೆ ಗೌಂಡಿ ಬಂದು ನೋಡಲಿ, ಕಲ್ಲು ಗಟ್ಟಿ ಇದ್ದರೆ ನೀನು ಪೆಟ್ಟಿಗೆ ಕಟ್ಟು ಎಂದಳು ಮೇಟ್ರನ್.

ಸೋಮವಾರ ಕೆಳಗೆ ಜನರನ್ನು ತಡೆದು ಗೌಂಡಿ ಹಾರೆ ಹಾಕಿ ಒಮ್ಮೆ ಮೀಟಿದ. ಫರಸಿ ನಡುವೆ ಎರಡಾಯಿತು. ಒಂದು ತುಂಡು ಬೀದಿಗೆ ಬಿದ್ದ ಸಪ್ಪಳಕ್ಕೆ ಹುಡುಗಿಯರೆಲ್ಲ ಕಿವಿ ಮುಚ್ಚಿದರು. ಮೇಟ್ರನ್ ಗೌಂಡಿಯ ಸುತ್ತಿಗೆ ತೆಗೆದು ರಹೀಮಾಳ ಕೈಗಿತ್ತು, ಉಳಿದ ಕಲ್ಲುಗಳತ್ತ ಬೆರಳು ಮಾಡಿದಳು. ರಹೀಮಾ ಬಡಿಯುತ್ತ ಹೋದಳು; ಇನ್ನೂ ಎರಡರ ಸಪ್ಪಳ ಸತ್ತಿತ್ತು.

ಸೂಗಮ್ಮ ಹೊಸ್ತಿಲೊಳಗೆ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಳು.

“ಆರು ದಿನ ಅದರ ಮ್ಯಾಲ ನಿಂತು ತಲಿ ಬಾಚೀನಿ. ಮೊದಲ ಯಾಕ ಹೇಳಲಿಲ್ಲ?”

“ಖಣ್ಯಾಗ ಹೇಳಂಗಿಲ್ಲ.”

“ಇದು ಖಣಿ ಅಲ್ಲ, ರಹೀಮಾ.”

ರಹೀಮಾ ಸುತ್ತಿಗೆ ಕೆಳಗಿಟ್ಟು ಅವಳ ಪಕ್ಕ ಕುಳಿತಳು.

“ನಡಿ, ಇಬ್ಬರೂ ಊರಿಗಿ ಹೋಗಮು,” ಎಂದಳು ಸೂಗಮ್ಮ.

“ನಾ ಬರಂಗಿಲ್ಲ. ನಮ್ಮಪ್ಪ ಮಂದಿಗಿ ಮುಖ ಹ್ಯಾಂಗ ತೋರಿಸಬೇಕು?”

ಗೌಂಡಿ ಹೊಸ ಕಲ್ಲು ಹಾಸಿದ. ಗಟ್ಟಿ ಅದಾವೆಂದು ರಹೀಮಾ ಆಣೆ ಮಾಡಿ ಹೇಳಿದರೂ ಸೂಗಮ್ಮ ನಂಬಲಿಲ್ಲ. ಗೋಡೆ ಹಿಡಿದೇ ನಡೆದಳು, ಅನ್ನ ಬಿಟ್ಟಳು. ಊರಿಗೆ ಹೊಡೆದ ತಂತಿ ಮುಟ್ಟಿ ಗುರುವಾರ ಅವಳ ಅಣ್ಣ ಸೂರ್ಯಕಾಂತ ಬಂದ. ಶುಕ್ರವಾರ ಬೆಳಗಿನ ಗಾಡಿಗೆ ಸೂಗಮ್ಮ ಹೊರಟುಹೋದಳು.