ನಲವತ್ತೇಳನೇ ನಂಬರಿನ ಪುಸ್ತಕ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹತ್ತೊಂಬತ್ತು ವರ್ಷ ಪ್ರೈಮರಿ ಮಕ್ಕಳ ಲೈಬ್ರರಿ ನೋಡಿಕೊಂಡವಳಿಗೆ ಅದು ಇನ್ನೆಲ್ಲಿರಬೇಕು? ಹೊಸ ಹೆಡ್‌ಮಿಸ್ ಬಂದ ವಾರವೇ ನನ್ನ ದಪ್ಪ ರಿಜಿಸ್ಟರನ್ನು ಬೀರುವಿಗೆ ತಳ್ಳಿ ಮೇಜಿನ ಮೇಲೆ ಕಂಪ್ಯೂಟರ್ ಕೂರಿಸಿದರು. ರಿಜಿಸ್ಟರಿನಲ್ಲಿದ್ದ ಹಳೆಯ ಕಾರ್ಡು, ಮನೆಯ ಫೋನ್ ನಂಬರುಗಳನ್ನೆಲ್ಲ ನಾನೇ ಅದಕ್ಕೆ ಹಾಕಿದೆ, ಹಲ್ಲು ಕಚ್ಚಿ ಸಹಿಸಿಕೊಂಡೆ. ಆಮೇಲೆ ನಿಯಮ ಬಂತು: ಮೂರು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳೆಲ್ಲ ರದ್ದಿಗೆ, ಆ ಜಾಗದಲ್ಲಿ ಟ್ಯಾಬ್ಲೆಟ್ಟುಗಳು.

"ನಿಮಗೆ ಇಷ್ಟ ಅಂದ್ರೆ ಸಾಕಾ ಮಿಸ್? ಮಕ್ಕಳು ಓದಿದಾರೆ ಅಂತ ಕಂಪ್ಯೂಟರ್‌ನಲ್ಲಿ ತೋರಿಸಿ, ಬಿಟ್ಬಿಡ್ತೀನಿ," ಎಂದರು ಹೆಡ್‌ಮಿಸ್.

ತೋರಿಸೋಣ ಎಂದುಕೊಂಡೆ. ರಜೆಯ ಹಿಂದಿನ ದಿನ, ಮಕ್ಕಳೆಲ್ಲ ಹೋದ ಮೇಲೆ, ಪಟ್ಟಿಯಲ್ಲಿದ್ದ ಅರವತ್ತು ಪುಸ್ತಕಗಳನ್ನೂ ಯಾರೋ ಒಯ್ದಂತೆ ಕಂಪ್ಯೂಟರಿಗೆ ಹಾಕಿದೆ. ಕಪಾಟಿನಿಂದ ಒಂದೂ ಅಲುಗಲಿಲ್ಲ. ಶಾಲೆ ತೆರೆದ ದಿನ ವಾಪಸ್ ಬಂದವು ಎಂದು ಹಾಕಿದರೆ, ಇನ್ನು ಮೂರು ವರ್ಷ ಅವುಗಳ ತಂಟೆಗೆ ಯಾರೂ ಬರುವ ಹಾಗಿಲ್ಲ. ಪುಸ್ತಕವನ್ನೇ ಮುಟ್ಟದ ಮಕ್ಕಳ ಹೆಸರಿಗೆ ಹಾಕಿದರೆ ಸಿಕ್ಕಿಬೀಳುತ್ತೇನೆಂದು, ಚೆನ್ನಾಗಿ ಓದುವವರ ಕಾರ್ಡ್ ನಂಬರುಗಳನ್ನೇ ಒತ್ತುತ್ತಾ ಹೋದೆ. ಅವು ನನಗೆ ಬಾಯಿಪಾಠ. ಹನ್ನೆರಡು, ಮೂವತ್ತು, ನಲವತ್ತೇಳು. ಕಂಪ್ಯೂಟರ್ ಯಾವುದಕ್ಕೂ ಬೇಡ ಎನ್ನಲಿಲ್ಲ.

ನಲವತ್ತೇಳು ಇರುವೆಯ ನಂಬರು. ತನಗಿಂತ ದೊಡ್ಡ ಪುಸ್ತಕಗಳನ್ನು ಎದೆಗವಚಿಕೊಂಡು ಹೋಗುತ್ತಿದ್ದ ಹುಡುಗಿಗೆ ನಾನೇ ಇಟ್ಟ ಹೆಸರು ಅದು. ಹೋದ ವರ್ಷ, ಮೂರನೇ ಕ್ಲಾಸಿನಲ್ಲಿದ್ದಾಗ, ನಾಲ್ಕೇ ದಿನದ ಜ್ವರಕ್ಕೆ ತೀರಿಕೊಂಡಳು. ಸುದ್ದಿ ಕೇಳಿ ಇದೇ ಮೇಜಿನ ಮೇಲೆ ತಲೆಯಿಟ್ಟು ಅತ್ತವಳು ನಾನು. ಆ ನಂಬರು ಒತ್ತುವಾಗ ಮಾತ್ರ ನನಗೆ ಏನೂ ನೆನಪಾಗಲಿಲ್ಲ.

ನನ್ನ ರಿಜಿಸ್ಟರ್ ಯಾರ ಮನೆಗೂ ಸುದ್ದಿ ಮುಟ್ಟಿಸುತ್ತಿರಲಿಲ್ಲ. ಈ ಕಂಪ್ಯೂಟರ್ ಹದಿನೈದು ದಿನ ಕಳೆದ ಕೂಡಲೇ ತಾನಾಗಿಯೇ ಮನೆಯವರ ಫೋನಿಗೆ ಸಂದೇಶ ಕಳಿಸುತ್ತದಂತೆ. ಅದು ನನಗೆ ಗೊತ್ತಾದದ್ದು ಶಾಲೆ ತೆರೆದ ಬೆಳಿಗ್ಗೆ. ಹೆಡ್‌ಮಿಸ್ ರದ್ದಿಯ ಪಟ್ಟಿ ಹಿಡಿದುಕೊಂಡು, "ಪರವಾಗಿಲ್ವೇ ಮಿಸ್, ಅರವತ್ತೂ ಓಡಿದಾವೆ," ಎನ್ನುತ್ತಿದ್ದರು. ಇರುವೆಯ ಅಮ್ಮ ಬಾಗಿಲಿಗೆ ಬಂದು ನಿಂತರು.

"ಇದು ಬಂತು ಮಿಸ್," ಎಂದು ಫೋನ್ ಚಾಚಿದರು. ಇರುವೆಯ ಹೆಸರು, ಪುಸ್ತಕದ ಹೆಸರು, ದಯವಿಟ್ಟು ಹಿಂದಿರುಗಿಸಿ.

"ಮನೆಯೆಲ್ಲಾ ಜಾಲಾಡ್ಬಿಟ್ಟೆ. ಒಂದು ವರ್ಷದಿಂದ ಅವಳ ರೂಮಿಗೆ ಯಾರನ್ನೂ ಬಿಟ್ಟಿರ್ಲಿಲ್ಲ, ಅವರಪ್ಪನ್ನೂ ಬಿಟ್ಟಿರ್ಲಿಲ್ಲ. ಹಾಸಿಗೆ ಎತ್ತಿದೆ, ಬಟ್ಟೆಯೆಲ್ಲಾ ಕೊಡವಿದೆ. ಎತ್ತಿದ್ಮೇಲೆ ಹಾಗೇ ಇಡೋಕಾಗುತ್ತಾ? ದಿಂಬಿನ ಕವರೂ ಒಗೆದುಬಿಟ್ಟೆ. ಅದ್ರಲ್ಲಿ ಅವಳ ತಲೆ ವಾಸನೆ ಇನ್ನೂ ಇತ್ತು ಮಿಸ್. ಹೋಗ್ಲಿ, ಪುಸ್ತಕ ಸಿಗುತ್ತಲ್ಲಾ ಅಂದ್ಕೊಂಡೆ. ಸಿಗ್ಲಿಲ್ಲ."

ಹೆಡ್‌ಮಿಸ್ ನನ್ನತ್ತ ತಿರುಗಿದರು. "ಇದು ಹೇಗಾಯ್ತು ಮಿಸ್?"

ನಿಜ ಹೇಳಿದರೆ ಅರವತ್ತೂ ರದ್ದಿಗೆ, ಅವುಗಳ ಹಿಂದೆಯೇ ನಾನು.

"ಅವಳು ಆಗಲೇ ವಾಪಸ್ ಕೊಟ್ಟಿದ್ಲು," ಎಂದೆ. "ರಿಜಿಸ್ಟರ್‌ನಿಂದ ಕಂಪ್ಯೂಟರಿಗೆ ಹಾಕೋವಾಗ ನಂದೇ ತಪ್ಪಾಯ್ತು."

ಕಪಾಟಿನಿಂದ ಆ ಪುಸ್ತಕ ತೆಗೆದುಕೊಟ್ಟೆ. ದೀಪಸ್ತಂಭಗಳ ಬಗ್ಗೆ ಬರೆದದ್ದು, ಹಸಿರು ರಟ್ಟು. ಆಕೆ ಅದನ್ನು ಮುಖಕ್ಕೆ ಒತ್ತಿಕೊಂಡು ಉಸಿರೆಳೆದುಕೊಂಡರು. ಆಮೇಲೆ ತೆರೆದರು. ಯಾರೂ ತಿರುಗಿಸದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಬ್ಬೆರಳಿನಿಂದ ಒಂದೊಂದೇ ಬಿಡಿಸಬೇಕಾಯಿತು.

"ಪೂರ್ತಿ ಓದಿದ್ಲಾ ಮಿಸ್?"

"ಎರಡು ಸಲ."

"ಹುಚ್ಚು ಹುಡುಗಿ," ಎಂದು ಆಕೆ ನಕ್ಕರು. ಕಣ್ಣು ತುಂಬಿತ್ತು. "ಇದನ್ನ ನಾನು ಇಟ್ಕೊಳ್ಳಲಾ?"

ಹೂಂ ಎಂದೆ. ಕನಿಕರದಿಂದ ಹೇಳಿದ ಸುಳ್ಳು ಎಂದು ಯಾರೂ ನನ್ನ ಪರ ವಹಿಸಬೇಕಾಗಿಲ್ಲ. ಹೇಳುವಾಗ ನನ್ನ ಕಣ್ಣಿದ್ದದ್ದು ಹೆಡ್‌ಮಿಸ್ ಕೈಯಲ್ಲಿದ್ದ ಪಟ್ಟಿಯ ಮೇಲೆ. ಅವರು ಅದನ್ನು ಹರಿದು ಬುಟ್ಟಿಗೆ ಹಾಕಿದರು. ಆಕೆ ಪುಸ್ತಕವನ್ನು ಎದೆಗವಚಿಕೊಂಡು ಹೋದರು, ಮಗಳು ಹೋಗುತ್ತಿದ್ದ ಹಾಗೆಯೇ.

ಸಂದೇಶ ಬಂದಿದೆ ಎಂದು ವಿಚಾರಿಸಿದ ಬೇರೆ ಮನೆಯವರಿಗೆಲ್ಲ ಪುಸ್ತಕ ವಾಪಸ್ ಬಂದಾಯಿತು ಎಂದೆ. ಉಳಿದ ಐವತ್ತೊಂಬತ್ತು ಕಪಾಟಿನಲ್ಲೇ ಇವೆ. ಇವತ್ತಿನವರೆಗೂ ಯಾರೂ ಒಯ್ದಿಲ್ಲ.